ಸೂರ್ಯನಿಗೆ ಎದುರಾಗಿ: ಊಟಿಯಲ್ಲಿ ಹಿಂಬೆಳಕಿನ ಪಾಠ

ಸೂರ್ಯ ಬೆನ್ನಿಗಿರಲಿ, ಮುಖದ ಮೇಲೆ ಬಿಸಿಲು ಬೀಳಲಿ. ಕ್ಯಾಮೆರಾ ಕೈಗೆ ಬಂದ ದಿನ ಎಲ್ಲರಿಗೂ ಸಿಗುವ ಮೊದಲ ಬುದ್ಧಿಮಾತು ಇದು. ಫಿಲ್ಮ್ ಕಾಲದಲ್ಲಿ ಇದಕ್ಕೆ ಗಟ್ಟಿ ಕಾರಣಗಳಿದ್ದವು. ಹಳೆಯ ಫಿಲ್ಮ್‌ಗಳಿಗೆ ತುಂಬ ಬೆಳಕು ಬೇಕಿತ್ತು. ಸಾದಾ ಡಬ್ಬಿ ಕ್ಯಾಮೆರಾದಲ್ಲಿ ಒಳಗೆ ಬರುವ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಅನುಕೂಲವೇ ಇರುತ್ತಿರಲಿಲ್ಲ. ಇನ್ನೊಂದು ತೊಡಕು ಫಿಲ್ಮಿನೊಳಗೇ ಇತ್ತು. ಬೆಳ್ಳಿಯ ಲವಣದ ಕಣಗಳಿರುವ ತೆಳು ಪದರದ ಮೇಲೆ ತೀಕ್ಷ್ಣ ಬೆಳಕು ಬಿದ್ದರೆ ಅದು ಆ ಪದರವನ್ನು ದಾಟಿ, ಹಿಂದಿನ ಪಾರದರ್ಶಕ ಹಾಳೆಯಿಂದ ಮರಳಿ, ಪಕ್ಕದ ಕಣಗಳನ್ನೂ ತಾಗುತ್ತಿತ್ತು. ಹೊಳೆಯುವ ವಸ್ತುವಿನ ಸುತ್ತ ಮಸುಕು ಪ್ರಭಾವಳಿ ಏಳುತ್ತಿತ್ತು. ಇದನ್ನು ಹ್ಯಾಲೇಶನ್ ಎನ್ನುತ್ತಾರೆ. ಇದನ್ನು ತಡೆಯಲೆಂದೇ ಫಿಲ್ಮಿನ ಬೆನ್ನಿಗೆ ಬೆಳಕು ಹೀರುವ ಬಣ್ಣದ ಲೇಪನ ಕೊಡುತ್ತಿದ್ದರು.

ಭಾರತ ಸರ್ಕಾರದ ಫಿಲ್ಮ್ ಕಾರ್ಖಾನೆ ಇದ್ದದ್ದು ಊಟಿಯಲ್ಲಿ. ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಸ್ಥಾಪನೆಯಾದದ್ದು 1960ರಲ್ಲಿ. ಫಿಲ್ಮ್ ತಯಾರಿಕೆಗೆ ದೂಳಿಲ್ಲದ ಗಾಳಿ, ತಂಪು ಹವೆ ಬೇಕು. ನೀಲಗಿರಿಯಲ್ಲಿ ಅವೆರಡೂ ಇದ್ದವು. ‘ಇಂದು’ ಹೆಸರಿನ ಕಪ್ಪು-ಬಿಳುಪು ಫಿಲ್ಮ್ ಇಲ್ಲಿಂದಲೇ ನಮ್ಮ ಊರುಗಳ ಸ್ಟುಡಿಯೊಗಳಿಗೆ ಬರುತ್ತಿತ್ತು. ಆ ಕಾರ್ಖಾನೆ ಈಗ ಮುಚ್ಚಿದೆ. ಕೈಯಲ್ಲಿರುವ ಮೊಬೈಲ್ ಕೂಡ ಅಂದಿನ ಡಬ್ಬಿ ಕ್ಯಾಮೆರಾಕ್ಕಿಂತ ಎಷ್ಟೋ ಹೆಚ್ಚು ಬೆಳಕಿನ ಏರಿಳಿತವನ್ನು ಹಿಡಿಯಬಲ್ಲದು. ಬುದ್ಧಿಮಾತು ಮಾತ್ರ ಹಾಗೇ ಉಳಿದುಕೊಂಡಿದೆ.

ಈ ಅಧ್ಯಾಯದಲ್ಲಿ ಅದನ್ನು ಬದಿಗಿಟ್ಟು ಸೂರ್ಯನ ಕಡೆಗೇ ತಿರುಗೋಣ. ಬೆಳಕು ಮುಂದಿನಿಂದ ಬಿದ್ದಾಗ ನಮಗೆ ಕಾಣುವುದು ವಸ್ತುವಿನ ಮೇಲ್ಮೈ. ಅದೇ ಬೆಳಕು ವಸ್ತುವಿನ ಹಿಂದಿನಿಂದ ಬಂದಾಗ ಬೇರೆ ಮೂರು ಸಂಗತಿಗಳು ಕಾಣುತ್ತವೆ: ವಸ್ತುವಿನ ಅಂಚು, ಅದರ ಒಡಲು, ಮತ್ತು ನಮಗೂ ಅದಕ್ಕೂ ನಡುವೆ ಇರುವ ಗಾಳಿ. ಈ ಮೂರನ್ನೂ ಒಂದೇ ದಿನದ ಓಡಾಟದಲ್ಲಿ ಕಲಿಯಲು ಊಟಿ, ಗೂಡಲೂರು, ಮಸಿನಗುಡಿಗಳಷ್ಟು ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ.

ಅಂಚು ಏಕೆ ಹೊಳೆಯುತ್ತದೆ?

ನೀಲಗಿರಿಯ ಶೋಲಾ ಕಾಡುಗಳಲ್ಲಿ ಕರಿ ಮೈಯ ಲಂಗೂರ್ ಇದೆ. ನೆತ್ತಿಯ ಕಂದು ಕೂದಲು ಬಿಟ್ಟರೆ ಮೈಯೆಲ್ಲ ಕಪ್ಪು. ಬಿಸಿಲು ಎದುರಿನಿಂದ ಬಿದ್ದರೆ ಚಿತ್ರದಲ್ಲಿ ಒಂದು ಕಪ್ಪು ಮುದ್ದೆ ಅಷ್ಟೇ. ಅದೇ ಪ್ರಾಣಿ ಬಿಸಿಲಿಗೂ ನಿಮಗೂ ನಡುವೆ ಕೊಂಬೆಯ ಮೇಲೆ ಕೂತರೆ ಭುಜ, ಬೆನ್ನು, ಬಾಲದ ಗುಂಟ ಬೆಳ್ಳಿಗೆರೆ ಎದ್ದು ನಿಲ್ಲುತ್ತದೆ. ಕಪ್ಪು ಕೂದಲು ಬೆಳ್ಳಗೆ ಹೊಳೆಯುವುದು ಹೇಗೆ?

ಇದಕ್ಕೆ ಉತ್ತರ ಕೊಟ್ಟವರು ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್. 1820ರ ದಶಕದಲ್ಲಿ ಅವರು ರೂಪಿಸಿದ ಸೂತ್ರಗಳ ಪ್ರಕಾರ ಪ್ರತಿಫಲನದ ಪ್ರಮಾಣ ಬೆಳಕು ಬೀಳುವ ಕೋನವನ್ನು ಅವಲಂಬಿಸಿದೆ. ಗಾಜಿನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಶೇಕಡಾ 4ರಷ್ಟು ಮಾತ್ರ ಮರಳುತ್ತದೆ. ಮೇಲ್ಮೈಯನ್ನು ಸವರಿಕೊಂಡು ಹೋಗುವಷ್ಟು ಓರೆಯಾದಾಗ ಬಹುಪಾಲು ಬೆಳಕು ಪ್ರತಿಫಲಿಸುತ್ತದೆ. ಆ ಓರೆಯಲ್ಲಿ ವಸ್ತುವಿನ ಬಣ್ಣ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಬೆಳಕು ಒಳಗೆ ಇಳಿದು ಹೀರಲ್ಪಡುವ ಮೊದಲೇ ಹೊರಟುಹೋಗಿರುತ್ತದೆ. ಹಿಂದಿನಿಂದ ಬಂದ ಬಿಸಿಲು ಪ್ರಾಣಿಯ ಅಂಚಿನ ಕೂದಲನ್ನು ತಾಗುವುದು ಇಂಥ ಓರೆಯಲ್ಲೇ. ಆದ್ದರಿಂದ ಕಾಟಿಯ ಬೆನ್ನು, ಕರಿ ಕಂಬಳಿ, ಮನುಷ್ಯರ ತಲೆಗೂದಲು ಎಲ್ಲವೂ ಅಂಚಿನಲ್ಲಿ ಬೆಳ್ಳಗಾಗುತ್ತವೆ.

ಈ ಗೆರೆ ಚಿತ್ರದಲ್ಲಿ ಉಳಿಯಬೇಕಾದರೆ ಹಿನ್ನೆಲೆ ಕಪ್ಪಾಗಿರಬೇಕು. ಬಿಳಿ ಆಕಾಶದ ಮುಂದೆ ಬಿಳಿ ಗೆರೆ ಕಾಣುವುದಿಲ್ಲ. ಇಲ್ಲಿಯೇ ಬೆಟ್ಟದೂರಿನ ಲಾಭ. ಬೆಳಿಗ್ಗೆ ಸೂರ್ಯ ಬೆಟ್ಟದ ನೆತ್ತಿಯ ಮೇಲೆ ಬಂದಾಗ ನಿಮ್ಮ ಕಡೆಗಿರುವ ಅದರ ಇಳಿಜಾರು ಇನ್ನೂ ನೆರಳಿನಲ್ಲಿರುತ್ತದೆ, ಅದರ ಮುಂದಿರುವ ಹೊಲ, ಹಾದಿ, ದನ, ಜನರಿಗೆ ಮಾತ್ರ ಬಿಸಿಲು ತಾಗುತ್ತದೆ. ಕೂನೂರು ದಾರಿಯ ಕೇತಿ ಕಣಿವೆಯಲ್ಲಿ ಇಂಥ ಗಳಿಗೆ ಸಿಗುತ್ತದೆ. ಸ್ವಲ್ಪ ಎತ್ತರದಲ್ಲಿ ನಿಂತು ಕ್ಯಾಮೆರಾವನ್ನು ಕೊಂಚ ಕೆಳಕ್ಕೆ ಬಾಗಿಸಿ. ಆಕಾಶ ಚೌಕಟ್ಟಿನಿಂದ ಹೊರಗೆ ಹೋಗುತ್ತದೆ, ನೆರಳಿನ ಇಳಿಜಾರು ಹಿನ್ನೆಲೆಯಾಗುತ್ತದೆ.

ಒಳಗಿನ ವಿವರವನ್ನೆಲ್ಲ ಬಿಟ್ಟು ಆಕಾರವೊಂದನ್ನೇ ಉಳಿಸಿಕೊಳ್ಳುವುದು ಇನ್ನೊಂದು ದಾರಿ. ಆಗ ಹೊಳೆಯುವ ಆಕಾಶವೇ ಹಿನ್ನೆಲೆಯಾಗಬೇಕು. ಸಿಲೂಯೆಟ್ ಎಂದು ಕರೆಯುವ ಈ ನೆರಳುಚಿತ್ರಕ್ಕೆ ಅಂಚಿನಿಂದಲೇ ಗುರುತು ಸಿಗುವ ವಸ್ತು ಬೇಕು. ನೀಲಗಿರಿಯ ಆದಿವಾಸಿಗಳಾದ ತೋಡರ ಎಮ್ಮೆಯ ಅರ್ಧಚಂದ್ರದಂಥ ಕೊಂಬು, ಅವರ ಕಮಾನು ಮನೆಯ ಬಾಗು, ದೂರದಲ್ಲಿ ಒಂಟಿಯಾಗಿ ನಿಂತ ನೀಲಗಿರಿ ಮರ ಇದಕ್ಕೆ ಹೇಳಿಮಾಡಿಸಿದಂತಿವೆ. ಇಬ್ಬರು ಇದ್ದರೆ ನಡುವೆ ಬೆಳಕು ನುಸುಳುವಷ್ಟು ಜಾಗವಿರಲಿ. ಇಲ್ಲದಿದ್ದರೆ ಇಬ್ಬರೂ ಸೇರಿ ಒಂದೇ ಗುಡ್ಡೆಯಾಗುತ್ತಾರೆ. ತೋಡರ ಊರಾದ ಮಂದಿನಲ್ಲಾಗಲಿ, ಇಲ್ಲಿನ ಬಡಗ ಸಮುದಾಯದ ಹಟ್ಟಿಯಲ್ಲಾಗಲಿ ಜನರ ಚಿತ್ರ ತೆಗೆಯುವ ಮೊದಲು ಕೇಳಿ. ಬಡಗ ಭಾಷೆ ಕನ್ನಡಕ್ಕೆ ಹತ್ತಿರದ್ದು, ಕನ್ನಡದಲ್ಲಿ ಮೆಲ್ಲಗೆ ಕೇಳಿದರೂ ಅರ್ಥವಾಗುವ ಸಾಧ್ಯತೆ ಹೆಚ್ಚು. ಬೇಡವೆಂದರೆ ಕ್ಯಾಮೆರಾ ಇಳಿಸಿ.

ಎಲೆಯ ಒಡಲು

ಚಹಾ ತೋಟದಲ್ಲಿ ಬೆಳಗಿನ ಬಿಸಿಲಿಗೆ ಬೆನ್ನು ಮಾಡಿ ನಿಂತು ಒಂದು ಚಿಗುರನ್ನು ನೋಡಿ. ಆಮೇಲೆ ಗಿಡದ ಇನ್ನೊಂದು ಬದಿಗೆ ಹೋಗಿ ಅದೇ ಚಿಗುರನ್ನು ಸೂರ್ಯನ ಕಡೆಗೆ ಮುಖ ಮಾಡಿ ನೋಡಿ. ಮೊದಲನೆಯದು ಬೂದು ಹಸಿರು, ಎರಡನೆಯದು ಹಳದಿ ಬೆರೆತ ಉಜ್ವಲ ಹಸಿರು. ಎಲೆ ಒಂದೇ, ಬೆಳಕು ಕಣ್ಣಿಗೆ ಬರುವ ದಾರಿ ಬೇರೆ.

ಎಲೆಯ ಮೇಲೆ ಮೇಣದಂಥ ಪದರವಿದೆ. ಬಿಸಿಲು ಬಿದ್ದ ಕಡೆಯಿಂದ ನೋಡಿದರೆ ಆ ಪದರದ ಬಿಳಿ ಹೊಳಪು ಹಸಿರಿನ ಮೇಲೆ ಕೂತು ಬಣ್ಣವನ್ನು ತೆಳುವಾಗಿಸುತ್ತದೆ. ಹಿಂದಿನಿಂದ ಬಂದ ಬೆಳಕು ಎಲೆಯ ಜೀವಕೋಶಗಳ ನಡುವೆ ಹಾದು ಬರುತ್ತದೆ. ಅಲ್ಲಿರುವ ಪತ್ರಹರಿತ್ತು ಕೆಂಪು ಮತ್ತು ನೀಲಿಯನ್ನು ದ್ಯುತಿಸಂಶ್ಲೇಷಣೆಗೆ ಹೀರಿಕೊಳ್ಳುತ್ತದೆ, ಹಸಿರು ಹೆಚ್ಚು ಪಾಲು ಪಾರಾಗುತ್ತದೆ. ಹೊಳಪಿನ ಕಲಬೆರಕೆ ಇಲ್ಲದ ಬಣ್ಣ ಕಣ್ಣಿಗೆ ಬೀಳುತ್ತದೆ. ಕುಡಿ ಎಲೆ ತೆಳು, ಬಲಿತ ಎಲೆ ದಪ್ಪ. ಆದ್ದರಿಂದ ಹಿಂಬೆಳಕಿನಲ್ಲಿ ಕೀಳಲು ಬಂದ ಎರಡೆಲೆ ಮತ್ತು ಮೊಗ್ಗು ಬೆಳಗುತ್ತವೆ, ಕೆಳಗಿನ ಎಲೆಗಳು ಕಪ್ಪಾಗಿ ಉಳಿಯುತ್ತವೆ. ನಾಳಗಳ ಜಾಲವೂ ಗೆರೆ ಗೆರೆಯಾಗಿ ಕಾಣುತ್ತದೆ. 1848ರಲ್ಲಿ ಆರಂಭವಾದ ಊಟಿಯ ಸಸ್ಯೋದ್ಯಾನದಲ್ಲಿ ಜರೀಗಿಡ ಮತ್ತು ಹೂವಿನ ದಳಗಳಲ್ಲೂ ಇದನ್ನೇ ನೋಡಬಹುದು.

ಪ್ರಾಣಿಯ ಕಿವಿಗೂ ಇದೇ ನಿಯಮ. ಮಸಿನಗುಡಿಯ ರಸ್ತೆ ಬದಿಯಲ್ಲಿ ಚುಕ್ಕಿ ಜಿಂಕೆ ಸೂರ್ಯನಿಗೆ ಅಡ್ಡ ನಿಂತರೆ ಕಿವಿಗಳು ಕೆಂಪಾಗಿ ಬೆಳಗುತ್ತವೆ. ರಕ್ತದ ಹಿಮೋಗ್ಲೋಬಿನ್ ನೀಲಿ ಮತ್ತು ಹಸಿರನ್ನು ಹೀರಿ ಕೆಂಪನ್ನು ಬಿಟ್ಟುಕೊಡುತ್ತದೆ. ಆಸ್ಪತ್ರೆಯಲ್ಲಿ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೆಲಸ ಮಾಡುವುದೂ ಹೀಗೆ ಬೆರಳನ್ನು ದಾಟಿ ಬಂದ ಬೆಳಕನ್ನು ಅಳೆದು.

ಮಂಜು, ದೂಳು, ಹೊಗೆ

ಘಾಟಿಯಲ್ಲಿ ಬಸ್ಸು ತಿರುವು ತೆಗೆದುಕೊಂಡು ಸೂರ್ಯನ ಕಡೆಗೆ ಮುಖ ಮಾಡಿದ ತಕ್ಷಣ ಮುಂದಿನ ಗಾಜು ಬೆಳ್ಳಗಾಗಿ ರಸ್ತೆಯೇ ಕಾಣದಂತಾಗುತ್ತದೆ. ಮುಂದಿನ ತಿರುವಿನಲ್ಲಿ ಅದೇ ಗಾಜು ಶುಭ್ರ. ದೂಳು ಎರಡು ಸಲವೂ ಅಷ್ಟೇ ಇತ್ತು. ಸಣ್ಣ ಕಣಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಸಮವಾಗಿ ಹಂಚುವುದಿಲ್ಲ ಎಂಬುದೇ ಇದರ ಗುಟ್ಟು.

ಗಾಳಿಯ ಅಣುಗಳು ಬೆಳಕಿನ ಅಲೆಯುದ್ದಕ್ಕಿಂತ ತೀರ ಚಿಕ್ಕವು. ಅವು ಬೆಳಕನ್ನು ಮುಂದಕ್ಕೂ ಹಿಂದಕ್ಕೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಚದುರಿಸುತ್ತವೆ. ಮಂಜಿನ ಹನಿ ಹಾಗಲ್ಲ. ಅದರ ಅಡ್ಡಳತೆ ಸುಮಾರು 10ರಿಂದ 20 ಮೈಕ್ರೊಮೀಟರ್, ಹಸಿರು ಬೆಳಕಿನ ಅಲೆಯುದ್ದ 0.55 ಮೈಕ್ರೊಮೀಟರ್. ಅಲೆಗಿಂತ ಇಷ್ಟು ದೊಡ್ಡದಾದ ಕಣ ಬೆಳಕಿನ ಬಹುಭಾಗವನ್ನು ಅದು ಹೋಗುತ್ತಿದ್ದ ದಿಕ್ಕಿಗೇ, ಕಿರಿದಾದ ಶಂಕುವಿನೊಳಗೆ ಚದುರಿಸುತ್ತದೆ. ಜರ್ಮನಿಯ ಗುಸ್ತಾವ್ ಮೀ 1908ರಲ್ಲಿ ಇದರ ಗಣಿತವನ್ನು ಬಿಡಿಸಿದರು. ಹನಿಗಳ ಆಚೆ ಸೂರ್ಯನಿದ್ದು ಈಚೆ ನೀವಿದ್ದರೆ ಆ ಶಂಕು ನೇರವಾಗಿ ನಿಮ್ಮ ಕ್ಯಾಮೆರಾದೊಳಕ್ಕೆ ಬರುತ್ತದೆ. ಸೂರ್ಯ ಬೆನ್ನಿಗಿದ್ದರೆ ಅದೇ ಮಂಜು ಬೂದು ತೆರೆಯಂತೆ ಕಾಣುತ್ತದೆ.

ಗೂಡಲೂರು ರಸ್ತೆಯಲ್ಲಿ ತಲೈಕುಂದಾ ಕಡೆಯ ಪೈನ್ ತೋಪಿನಲ್ಲಿ, ನೀಲಗಿರಿ ಮರಗಳ ನಡುವೆ ಬೆಳಗಿನ ಹೊತ್ತು ಬಿಸಿಲುಕೋಲುಗಳು ಇಳಿಯುವುದು ಹೀಗೆ. ಸೂರ್ಯನನ್ನು ಒಂದು ಕಾಂಡದ ಹಿಂದೆ ಮರೆಮಾಡಿ ನಿಂತರೆ ಕೋಲುಗಳು ಇನ್ನೂ ಸ್ಪಷ್ಟ. ಅವು ಒಂದು ಬಿಂದುವಿನಿಂದ ಹರಡಿದಂತೆ ಕಂಡರೂ ನಿಜದಲ್ಲಿ ಸಮಾನಾಂತರ. ರೈಲು ಹಳಿಗಳು ದೂರದಲ್ಲಿ ಕೂಡಿದಂತೆ ತೋರುವ ದೃಷ್ಟಿಯ ನಿಯಮವೇ ಇಲ್ಲಿಯೂ ನಡೆಯುತ್ತದೆ. ಮೆಟ್ಟುಪಾಳಯಂನಿಂದ ಕೂನೂರಿನ ತನಕ ಉಗಿ ಎಂಜಿನ್ ತಳ್ಳುವ ಬೆಟ್ಟದ ರೈಲಿನ ಉಗಿಯೂ ತಣಿದು ಹನಿಯಾದ ನೀರೇ. ಹಿಂಬೆಳಕಿನಲ್ಲಿ ಅದು ಹೊನ್ನಿನ ಮೋಡವಾಗುತ್ತದೆ. ಡಿಸೆಂಬರ್, ಜನವರಿಯ ಬೆಳಿಗ್ಗೆ ಹುಲ್ಲಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿಯನ್ನು ನೆಲಕ್ಕೆ ಬಗ್ಗಿ, ಸೂರ್ಯನ ಕಡೆಗೆ ಹಿಡಿದ ಕ್ಯಾಮೆರಾದಲ್ಲಿ ನೋಡಿ. ಪ್ರತಿ ಹರಳೂ ಬೇರೆ ಬೇರೆಯಾಗಿ ಮಿನುಗುತ್ತದೆ.

ಖಗೋಳ ವಿಜ್ಞಾನಿಗಳು ಇದೇ ಉಪಾಯವನ್ನು ಶನಿಗ್ರಹದ ಬಳಿ ಬಳಸಿದರು. 2005ರಲ್ಲಿ ಕ್ಯಾಸಿನಿ ನೌಕೆ ಎನ್ಸೆಲಾಡಸ್ ಎಂಬ ಉಪಗ್ರಹವನ್ನು ಸೂರ್ಯನ ಎದುರಿಗಿಟ್ಟು ನೋಡಿದಾಗ ಅದರ ದಕ್ಷಿಣ ಧ್ರುವದಿಂದ ಚಿಮ್ಮುವ ಹಿಮಕಣಗಳ ಕಾರಂಜಿ ಸ್ಪಷ್ಟವಾಗಿ ಕಂಡಿತು. 2015ರಲ್ಲಿ ನ್ಯೂ ಹೊರೈಜನ್ಸ್ ನೌಕೆ ಪ್ಲುಟೊವನ್ನು ದಾಟಿದ ಮೇಲೆ ಹಿಂದಿರುಗಿ ನೋಡಿದಾಗ ಅದರ ಸುತ್ತ ನೀಲಿ ಮಬ್ಬಿನ ಪದರಗಳು ಕಂಡವು.

ಕ್ಯಾಮೆರಾಕ್ಕೆ ಹೇಳಬೇಕಾದದ್ದು

ಇಷ್ಟೆಲ್ಲ ಕಣ್ಣಿಗೆ ಕಂಡರೂ ಹೊಸಬರ ಚಿತ್ರದಲ್ಲಿ ಮುಖ ಕಪ್ಪಾಗುವುದು ಏಕೆ? ಕ್ಯಾಮೆರಾಕ್ಕೆ ಎದುರಿಗಿರುವುದು ಮನುಷ್ಯನೋ ಮೋಡವೋ ಎಂಬ ಅರಿವು ಮೂಲತಃ ಇಲ್ಲ. ಚೌಕಟ್ಟಿನ ಸರಾಸರಿ ಬೆಳಕನ್ನು ಮಧ್ಯಮ ಬೂದು ಬಣ್ಣಕ್ಕೆ ತರುವುದಷ್ಟೇ ಅದರ ಲೆಕ್ಕ. ಚೌಕಟ್ಟಿನ ತುಂಬ ಹೊಳೆಯುವ ಆಕಾಶವಿದ್ದರೆ ಅದನ್ನು ಬೂದು ಮಾಡಲು ಎಲ್ಲವನ್ನೂ ಕತ್ತಲಾಗಿಸುತ್ತದೆ. ಆದ್ದರಿಂದ ತೀರ್ಮಾನ ನಿಮ್ಮದಾಗಬೇಕು: ಮುಖ ಬೇಕೋ, ಆಕಾರ ಬೇಕೋ?

ಮುಖ ಬೇಕೆಂದರೆ ಎಕ್ಸ್‌ಪೋಷರ್ ಕಾಂಪನ್ಸೇಶನ್ ಅನ್ನು +1ರಿಂದ +2ಕ್ಕೆ ಏರಿಸಿ. ಒಂದೊಂದು ಅಂಕವೂ ಬೆಳಕನ್ನು ಎರಡು ಪಟ್ಟು ಮಾಡುತ್ತದೆ. ಸ್ಪಾಟ್ ಮೀಟರಿಂಗ್ ಇದ್ದರೆ ಮುಖದ ಮೇಲಷ್ಟೇ ಬೆಳಕನ್ನು ಅಳೆಯಬಹುದು. ಆಕಾರ ಬೇಕೆಂದರೆ -1 ಅಥವಾ -2ಕ್ಕೆ ಇಳಿಸಿ. ಮೊಬೈಲಿನಲ್ಲಿ ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕು ಅಲ್ಲಿಗೇ ನಿಲ್ಲುತ್ತವೆ, ಆಮೇಲೆ ಬೆರಳನ್ನು ಮೇಲೆ ಕೆಳಗೆ ಎಳೆದು ಬೆಳಕನ್ನು ಹೊಂದಿಸಬಹುದು. ನೆರಳುಚಿತ್ರ ತೆಗೆಯುವಾಗ ಎಚ್‌ಡಿಆರ್ ಆಫ್ ಮಾಡಿಡಿ. ಅದು ನೆರಳನ್ನೂ ಆಕಾಶವನ್ನೂ ಸಮ ಮಾಡಲು ಹೊರಟು ಆಕಾರದ ಗಟ್ಟಿತನವನ್ನು ಕೆಡಿಸುತ್ತದೆ.

ಮೂರನೆಯ ದಾರಿ, ಮುಖಕ್ಕೆ ಬೆಳಕನ್ನು ಮರಳಿ ತರುವುದು. ಬಿಳಿ ಥರ್ಮೊಕೋಲ್ ಹಾಳೆ, ಬಿಳಿ ಪಂಚೆ, ಸುಣ್ಣ ಬಳಿದ ಗೋಡೆ, ಯಾವುದಾದರೂ ಆದೀತು. ಊಟಿಯಲ್ಲಿ ಇದರ ಅಗತ್ಯ ಬಯಲುಸೀಮೆಗಿಂತ ಹೆಚ್ಚು. ಸುಮಾರು 2,240 ಮೀಟರ್ ಎತ್ತರದ ಈ ಊರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಕಾಲು ಭಾಗದ ಹತ್ತಿರ ಕಡಿಮೆ. ಬೆಳಕನ್ನು ಚದುರಿಸುವ ಗಾಳಿ ಕಡಿಮೆಯಾದ್ದರಿಂದ ಶುಭ್ರ ದಿನಗಳಲ್ಲಿ ಆಕಾಶ ಗಾಢ ನೀಲಿ, ನೆರಳೂ ಗಾಢ. ನೆರಳಿಗೆ ಬೀಳುವ ಬೆಳಕು ಆ ನೀಲಿ ಆಕಾಶದ್ದೇ ಆದ್ದರಿಂದ ಮುಖ ತುಸು ನೀಲಿಯಾಗಿಯೂ ಕಾಣುತ್ತದೆ. ವೈಟ್ ಬ್ಯಾಲೆನ್ಸ್ ಅನ್ನು ‘ನೆರಳು’ ಅಥವಾ ‘ಮೋಡ’ಕ್ಕೆ ಇಟ್ಟರೆ ಚರ್ಮದ ಬಣ್ಣ ಸರಿಹೋಗುತ್ತದೆ. ಕ್ಯಾಮೆರಾದಲ್ಲಿ ರಾ ಫೈಲ್ ಸೌಲಭ್ಯವಿದ್ದರೆ ಬಳಸಿ, ಹೊಳಪನ್ನು ಉಳಿಸಿಕೊಂಡು ತೆಗೆದ ಚಿತ್ರದ ನೆರಳನ್ನು ಆಮೇಲೆ ಏರಿಸಬಹುದು. ಪೂರ್ತಿ ಬೆಳ್ಳಗಾದ ಜಾಗದಲ್ಲಿ ಮಾತ್ರ ಮರಳಿ ಪಡೆಯಲು ಏನೂ ಉಳಿದಿರುವುದಿಲ್ಲ.

ಸೂರ್ಯನ ದಾರಿ

ಸೂರ್ಯ ತಗ್ಗಿನಲ್ಲಿರುವಾಗ ಹಿಂಬೆಳಕು ಚೆನ್ನ. ಫೋಟೊಗ್ರಫಿ ಪುಸ್ತಕಗಳು ಇದನ್ನು ‘ಹೊನ್ನಿನ ಗಂಟೆ’ ಎನ್ನುತ್ತವೆ. ಆ ಪುಸ್ತಕಗಳಲ್ಲಿ ಬಹುಪಾಲು ಬರೆದದ್ದು ದೂರದ ಉತ್ತರದ ದೇಶಗಳಲ್ಲಿ. ಭೂಮಿ ತಿರುಗುವುದು ಗಂಟೆಗೆ 15 ಡಿಗ್ರಿ. ಲಂಡನ್ನಿನಲ್ಲಿ ಸೂರ್ಯ ಓರೆಯಾಗಿ ಏರುವುದರಿಂದ ಮಾರ್ಚ್ ತಿಂಗಳ ವಿಷುವದ ಹೊತ್ತಿಗೆ 6 ಡಿಗ್ರಿ ಮೇಲೆ ಬರಲು ಸುಮಾರು 39 ನಿಮಿಷ ಬೇಕು. ಊಟಿ ಇರುವುದು 11.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಹೆಚ್ಚು ಕಡಿಮೆ ನೆಟ್ಟಗೆ ಏರುತ್ತಾನೆ, ಅದೇ 6 ಡಿಗ್ರಿಗೆ 25 ನಿಮಿಷ ಸಾಕು. ನಮ್ಮ ಹೊನ್ನಿನ ಗಂಟೆ ಅರ್ಧ ಗಂಟೆಗೂ ಕಡಿಮೆ. ಆದ್ದರಿಂದ ಜಾಗವನ್ನು ಹಿಂದಿನ ದಿನವೇ ನೋಡಿಟ್ಟುಕೊಳ್ಳಬೇಕು.

ಅಳತೆಗೆ ನಿಮ್ಮ ಕೈ ಸಾಕು. ತೋಳು ಪೂರ್ತಿ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಸಂಜೆ ಸೂರ್ಯನಿಗೂ ಬೆಟ್ಟದ ಅಂಚಿಗೂ ನಡುವೆ ಒಂದು ಮುಷ್ಟಿ ಅಂತರವಿದ್ದರೆ ಸುಮಾರು 40 ನಿಮಿಷ ಉಳಿದಿದೆ ಎಂದರ್ಥ. ಸೂರ್ಯ ಹುಟ್ಟುವ ಜಾಗ ಜೂನ್‌ನಿಂದ ಡಿಸೆಂಬರ್‌ಗೆ ಸುಮಾರು 48 ಡಿಗ್ರಿ, ಅಂದರೆ ಐದು ಮುಷ್ಟಿಯಷ್ಟು, ದಕ್ಷಿಣಕ್ಕೆ ಸರಿಯುತ್ತದೆ. ಬೇಸಿಗೆಯಲ್ಲಿ ಗೊತ್ತು ಮಾಡಿದ ಜಾಗ ಚಳಿಗಾಲಕ್ಕೆ ಒದಗದು. ಜೂನ್‌ನಲ್ಲಿ ಆರು ಗಂಟೆಯ ಸುಮಾರಿಗೆ ಆಗುವ ಸೂರ್ಯೋದಯ ಡಿಸೆಂಬರ್ ಕೊನೆಗೆ ಆರೂ ಮುಕ್ಕಾಲರ ಹತ್ತಿರ ಹೋಗುತ್ತದೆ. ಬೆಟ್ಟ ಅಡ್ಡವಿರುವ ಕಣಿವೆಗಳಿಗೆ ಬಿಸಿಲು ಅದಕ್ಕೂ ತಡವಾಗಿ ಇಳಿಯುತ್ತದೆ. ದೊಡ್ಡಬೆಟ್ಟದ 2,637 ಮೀಟರ್ ನೆತ್ತಿಯಲ್ಲಿ ಮುಗಿದ ಹಿಂಬೆಳಕಿನ ಹೊತ್ತು ಕೆಳಗಿನ ಹಟ್ಟಿಯಲ್ಲಿ ಇನ್ನೂ ಶುರುವಾಗಿರುವುದಿಲ್ಲ. ಸಂಜೆಗೆ ಪ್ರಸ್ಥಭೂಮಿಯ ಪಶ್ಚಿಮದ ಅಂಚು ಒಳ್ಳೆಯದು, ಗೂಡಲೂರಿಗೆ ಇಳಿಯುವ ದಾರಿಯ ಸೂಜಿಮಲೆಯಿಂದ ಸಾಲು ಸಾಲು ಬೆಟ್ಟಗಳು ಒಂದರ ಹಿಂದೊಂದು ತಿಳಿಯಾಗುತ್ತ ಹೋಗುತ್ತವೆ.

ಲೆನ್ಸಿಗೆ ನುಗ್ಗುವ ಬಿಸಿಲು

ಗಾಜಿನ ಪ್ರತಿ ಮೇಲ್ಮೈ ಶೇಕಡಾ 4 ಬೆಳಕನ್ನು ಮರಳಿಸುತ್ತದೆ ಎಂದು ಆಗಲೇ ನೋಡಿದೆವು. 15 ಗಾಜುಗಳಿರುವ ಜೂಮ್ ಲೆನ್ಸಿನಲ್ಲಿ ಮೇಲ್ಮೈಗಳು 30. ಲೇಪನವೇ ಇಲ್ಲದಿದ್ದರೆ ಶೇಕಡಾ 30ಕ್ಕಿಂತ ಕಡಿಮೆ ಬೆಳಕು ನೇರ ದಾರಿಯಲ್ಲಿ ಒಳಗೆ ಮುಟ್ಟುತ್ತಿತ್ತು, ಉಳಿದದ್ದರಲ್ಲಿ ಒಂದಷ್ಟು ಒಳಗೇ ಪುಟಿದು ಚಿತ್ರವನ್ನು ಮಬ್ಬಾಗಿಸುತ್ತಿತ್ತು. ಇಂದಿನ ಲೇಪನಗಳು ಇದನ್ನು ಬಹಳ ತಗ್ಗಿಸಿವೆ, ಪೂರ್ತಿ ಅಳಿಸಿಲ್ಲ. ಲೆನ್ಸ್ ಹುಡ್ ಹಾಕಿ, ಇಲ್ಲವಾದರೆ ಅಂಗೈಯನ್ನು ಲೆನ್ಸಿನ ಮೇಲೆ ನೆರಳಾಗಿ ಹಿಡಿಯಿರಿ. ಮೊಬೈಲ್ ಲೆನ್ಸಿನ ಬೆರಳಚ್ಚನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ಹಿಂಬೆಳಕಿನ ಚಿತ್ರ ಮಸುಕಾಗಲು ಆ ಜಿಡ್ಡೊಂದೇ ಸಾಕು.

ಸೂರ್ಯ ಮೇಲಿರುವಾಗ ಟೆಲಿ ಲೆನ್ಸ್ ಹಾಕಿದ ಎಸ್‌ಎಲ್‌ಆರ್ ಕ್ಯಾಮೆರಾದ ಕಿಂಡಿಯಿಂದ ನೇರವಾಗಿ ಅವನನ್ನು ನೋಡಲೇಬೇಡಿ. ಲೆನ್ಸ್ ಆ ಬೆಳಕನ್ನು ಅಕ್ಷಿಪಟದ ಮೇಲೆ ಕೇಂದ್ರೀಕರಿಸುತ್ತದೆ, ಸುಟ್ಟ ಅಕ್ಷಿಪಟ ಮೊದಲಿನಂತೆ ಆಗುವುದಿಲ್ಲ.

ಕಾಡಿನಲ್ಲಿ

ಕರ್ನಾಟಕದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆಯವರ ವನ್ಯಜೀವಿ ಚಿತ್ರಗಳ ಪುಸ್ತಕ 1983ರಲ್ಲಿ ಬಂತು. ಅದರ ಹೆಸರು ‘ಸನ್‌ಲೈಟ್ ಅಂಡ್ ಶ್ಯಾಡೋಸ್’. ಬಣ್ಣವಿಲ್ಲದ ಫಿಲ್ಮಿನಲ್ಲಿ ಕಾಡನ್ನು ಹಿಡಿದವರಿಗೆ ಬೆಳಕಿನ ದಿಕ್ಕೇ ದೊಡ್ಡ ಬಂಡವಾಳವಾಗಿತ್ತು. ಬಂಡೀಪುರಕ್ಕೆ ತಾಗಿಕೊಂಡ ಮುದುಮಲೈ, ಮಸಿನಗುಡಿಗಳ ಒಣ ಎಲೆ ಉದುರುವ ಕಾಡಿನಲ್ಲಿ ಬೇಸಿಗೆಯ ದೂಳು ಮಂಜಿನ ಕೆಲಸ ಮಾಡುತ್ತದೆ. ಆನೆ ಮಣ್ಣು ಎರಚಿಕೊಳ್ಳುವಾಗ, ಜಿಂಕೆ ಹಿಂಡು ಹಾದುಹೋಗುವಾಗ ಎದ್ದ ದೂಳು ಸೂರ್ಯನ ಎದುರು ಬೆಂಕಿಯಂತೆ ಹೊತ್ತಿಕೊಳ್ಳುತ್ತದೆ.

ಆದರೆ ಪ್ರಾಣಿ ಸೂರ್ಯನಿಗೂ ನಮಗೂ ನಡುವೆ ತಾನಾಗಿ ಬರಬೇಕು. ಅದನ್ನು ಅಲ್ಲಿಗೆ ತರಲು ಹಾರನ್ ಒತ್ತುವುದು, ತಿನ್ನಲು ಎಸೆಯುವುದು, ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಇಳಿಯುವುದು ಕಾನೂನಿಗೂ ವಿರುದ್ಧ, ಪ್ರಾಣಿಗೂ ನಿಮಗೂ ಅಪಾಯ. ಅರಣ್ಯ ಇಲಾಖೆಯ ವಾಹನದಲ್ಲಿ ಹೋಗಿ, ಸಿಕ್ಕಿದ ಬೆಳಕಿಗೆ ತೃಪ್ತರಾಗಿ. ಹೆದರಿ ಓಡಿದ ಜಿಂಕೆಗಿಂತ ತೆಗೆಯದೆ ಬಿಟ್ಟ ಚಿತ್ರ ಮೇಲು.

ಮುತ್ತೋರೆಯ ಇಳಿಜಾರು

ಊಟಿಯ ಬಳಿ ಮುತ್ತೋರೆಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ರೇಡಿಯೊ ದೂರದರ್ಶಕವಿದೆ. ಗೋವಿಂದ್ ಸ್ವರೂಪ್ ಅವರ ತಂಡ ಕಟ್ಟಿದ ಇದು 1970ರಲ್ಲಿ ಕೆಲಸ ಆರಂಭಿಸಿತು. ಉದ್ದ 530 ಮೀಟರ್, ಅಗಲ 30 ಮೀಟರ್. ಅದನ್ನು ಉತ್ತರ-ದಕ್ಷಿಣವಾಗಿ ಸುಮಾರು 11 ಡಿಗ್ರಿ ಇಳಿಜಾರಿನ ಬೆಟ್ಟದ ಮೇಲೆ ನಿಲ್ಲಿಸಿದ್ದಾರೆ. ಊರಿನ ಅಕ್ಷಾಂಶವೂ ಅಷ್ಟೇ ಆದ್ದರಿಂದ ದೂರದರ್ಶಕದ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿದೆ, ಒಂದೇ ಅಕ್ಷದ ಸುತ್ತ ತಿರುಗಿಸಿದರೆ ಸಾಕು, ಆಕಾಶಕಾಯವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು.

ಈ ದೂರದರ್ಶಕವನ್ನು ಕಟ್ಟಿದ ಮುಖ್ಯ ಉದ್ದೇಶವೇ ಒಂದು ಬಗೆಯ ಹಿಂಬೆಳಕಿನ ಅಧ್ಯಯನ. ಚಂದ್ರ ಆಕಾಶದಲ್ಲಿ ಸರಿಯುತ್ತ ದೂರದ ರೇಡಿಯೊ ಗೆಲಾಕ್ಸಿಗೆ ಅಡ್ಡ ಬರುತ್ತಾನೆ. ಅವನ ಅಂಚು ಆ ಅಲೆಗಳನ್ನು ಹೇಗೆ ಮರೆಮಾಡಿತು ಎಂಬುದನ್ನು ಅಳೆದರೆ ಗೆಲಾಕ್ಸಿಯ ಗಾತ್ರ, ರಚನೆ ಗೊತ್ತಾಗುತ್ತವೆ. ಸೂರ್ಯನಿಂದ ಬೀಸುವ ಕಣಗಳ ಗಾಳಿಯ ಆಚೆ ಇರುವ ರೇಡಿಯೊ ಮೂಲಗಳು ಮಿನುಗುವ ಬಗೆಯಿಂದ ಆ ಗಾಳಿಯ ವೇಗ, ಸಾಂದ್ರತೆಯನ್ನೂ ಇಲ್ಲಿ ಅಳೆಯುತ್ತಾರೆ. ಅಂಚು ಮತ್ತು ನಡುವಿನ ಗಾಳಿ, ಎರಡೂ ಹಿಂದಿನಿಂದ ಬಂದ ಬೆಳಕಿನಲ್ಲೇ ಬಯಲಾಗುತ್ತವೆ.

ಆದ್ದರಿಂದ ಹೊಸ ಲೆನ್ಸ್ ಕೊಳ್ಳುವ ಮೊದಲು ಮೂರು ಅಭ್ಯಾಸ ಮಾಡಿ. ಒಂದೇ ಎಲೆಯನ್ನು ಸೂರ್ಯನ ಎರಡೂ ಬದಿಯಿಂದ ತೆಗೆದು ಬಣ್ಣ ಹೋಲಿಸಿ. ಒಬ್ಬರೇ ವ್ಯಕ್ತಿಯನ್ನು +2, 0, -2ರಲ್ಲಿ ತೆಗೆದು ಯಾವುದರಲ್ಲಿ ಏನು ಉಳಿಯಿತು, ಏನು ಹೋಯಿತು ಎಂದು ಬರೆದಿಡಿ. ಮಂಜಾಗಲಿ, ಒಲೆಯ ಹೊಗೆಯಾಗಲಿ, ಅದರ ಸುತ್ತ ಒಂದು ಸುತ್ತು ನಡೆದು ಯಾವ ಕೋನದಲ್ಲಿ ಹೆಚ್ಚು ಹೊಳೆಯುತ್ತದೆ ಎಂದು ನೋಡಿ. ಊಟಿಗೆ ಹೋಗಲು ಆಗದಿದ್ದರೆ ಮನೆಯಂಗಳದ ತುಳಸಿಗಿಡದಲ್ಲೇ ಶುರುಮಾಡಿ. ಬೆಳಕಿನ ನಿಯಮ ಎಲ್ಲ ಊರಿಗೂ ಒಂದೇ.